ಬಟಾಣಿ ತಾಂಡೇಲ

ಮೇ 12, ಸೋಮವಾರ

ಈ ನೂರು ಪುಟದ ಪಟ್ಟಿ ನಾಗಶ್ರೀ ಕೊಟ್ಟದ್ದು. ಕಾರವಾರದಲ್ಲಿ ನನ್ನ ಮುರಿದ ಕಾಲಿಗೆ ವ್ಯಾಯಾಮ ಮಾಡಿಸುವವಳು ಅವಳು. ಅಂಕೋಲೆಯ ಹುಡುಗಿ. ನನ್ನ ಮಗಳಿಗಿಂತ ಚಿಕ್ಕವಳು, ಆದರೆ ಬೈಯುವುದರಲ್ಲಿ ನನ್ನ ಅತ್ತೆಯನ್ನೂ ಮೀರಿಸುತ್ತಾಳೆ. "ಕಾಕಾ, ದಿನಾ ಎಂಥ ತಿಂದ್ರಿ, ಎಷ್ಟು ಸಲ ಎದ್ದು ಕೂತ್ರಿ, ಎಲ್ಲಾ ಇದ್ರಲ್ಲಿ ಬರೀಬೇಕು. ಸುಳ್ಳು ಬರದ್ರೆ ನಂಗೆ ಗೊತ್ತಾಗ್ತದೆ" ಎಂದಳು.

ಅದಕ್ಕೇ ಹೀಗೆ ಮಾಡಿದ್ದೇನೆ. ಮುಂದಿನ ಪುಟದಿಂದ ಅವಳಿಗೆ, ಹಿಂದಿನ ಪುಟದಿಂದ ನನಗೆ. ಮುಂದೆ ಊಟ, ಹಿಂದೆ ನಿಜ. ಹೆಂಡತಿ ಹೀರಾಳಿಗೆ ಓದಬೇಕೆಂದರೆ ಕನ್ನಡಕ ಬೇಕು. ಕನ್ನಡಕ ಎಲ್ಲಿಟ್ಟಿದ್ದಾಳೋ ಅದು ಅವಳಿಗೇ ಗೊತ್ತಿಲ್ಲ. ಹಾಗಾಗಿ ಧೈರ್ಯವಾಗಿ ಬರೆಯಬಹುದು.

ನಿಜ ಇಷ್ಟು. ನಾನು ಶಾಂತಾರಾಮ, ಮಾಜಾಳಿಯವ, ವಯಸ್ಸು ಐವತ್ತೊಂಬತ್ತು, ಕೇಶವನ ಬೋಟಿನ ತಾಂಡೇಲ. ಇಪ್ಪತ್ತೆರಡು ವರ್ಷ ಚುಕ್ಕಾಣಿ ಹಿಡಿದವ. ಏಪ್ರಿಲ್‌ನಲ್ಲಿ ಒಂದು ಐಸ್ ತುಂಡಿನ ಮೇಲೆ ಕಾಲಿಟ್ಟು ಜಾರಿದೆ. ಅದೂ ಸಮುದ್ರದಲ್ಲಲ್ಲ, ಬಂದರದ ಸಿಮೆಂಟಿನ ಮೇಲೆ. ತೂಫಾನಿನಲ್ಲಿ ಬಿದ್ದಿದ್ದರೆ ಹೇಳಿಕೊಳ್ಳಲಿಕ್ಕಾದರೂ ಒಂದು ಮಾತಿರುತ್ತಿತ್ತು. ಎಡಗಾಲಿನ ಎಲುಬಿನೊಳಗೆ ಈಗ ಒಂದು ಸರಳು ಕೂತಿದೆ.

ಕೇಶವ ನಿನ್ನೆ ನೋಡಲು ಬಂದವನು ಎರಡು ಸಲ ಚಾ ಕುಡಿದು, ಮೂರು ಸಲ ಕೆಮ್ಮಿ, ಕಡೆಗೆ ಬಾಯಿ ಬಿಟ್ಟ. "ನಾರಳಿ ಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಕೊಟ್ಟು ಬೋಟು ಬಿಡುದು ಅಲ್ದಾ. ಅವತ್ತು ನೀ ಯಾರ ಕೈಯೂ ಹಿಡೀದೆ ಹತ್ತಿದ್ರೆ ಚುಕ್ಕಾಣಿ ನಿಂದೇ. ಇಲ್ದಿದ್ರೆ ಈ ಹಂಗಾಮಿಗೆ ರೂಪೇಶ."

ರೂಪೇಶ ನನ್ನ ತಂಗಿಯ ಮಗ. ನಾನೇ ಕಲಿಸಿದವ. ಗಾಳಿ ಯಾವ ಕಡೆಯದು ಎಂದು ಕೇಳಿದರೆ ತಲೆ ಎತ್ತುವುದಿಲ್ಲ, ಮೊಬೈಲು ತೆಗೆಯುತ್ತಾನೆ. ಅವನ ಕೈಗೆ ನನ್ನ ಚುಕ್ಕಾಣಿ! ಹುಣ್ಣಿಮೆ ಆಗಸ್ಟ್ ಒಂಬತ್ತಕ್ಕೆ. ನೋಡಿಯೇ ಬಿಡುವ.

ಮೇ 15

ಹೀರಾ ಮಾರ್ಕೆಟ್ಟಿನಿಂದ ಬರುವಾಗ ಬುಟ್ಟಿಯ ತಳದಲ್ಲಿ ನಾಲ್ಕು ಬಂಗಡೆ ಉಳಿಸಿಕೊಂಡು ಬಂದಳು. ಮಾರುವ ಮೀನಿನಲ್ಲಿ ಒಳ್ಳೆಯದನ್ನು ಮೊದಲೇ ಆರಿಸಿ ಬದಿಗಿಡುವುದು ಅವಳ ಮೂವತ್ತು ವರ್ಷದ ಅಭ್ಯಾಸ. ಆಸ್ಪತ್ರೆಯಿಂದ ಬಂದ ಮೇಲೆ ದಿನವೂ ಗಂಜಿ, ಉಪ್ಪಿನಕಾಯಿ ಕೊಡುತ್ತಿದ್ದಳು. ಪಥ್ಯವಿರಬೇಕು ಎಂದು ಸುಮ್ಮನಿದ್ದೆ. ಇವತ್ತು ಬಂಗಡೆ ಕಾವಲಿ ಮೇಲೆ ಚುಂಯ್ ಎಂದಿತು, ನನ್ನ ತಾಟಿಗೆ ಮತ್ತೆ ಗಂಜಿ ಬಿತ್ತು.

"ಎಂಥದೇ ಇದು?"

"ನಿಮ್ಮ ಆಪರೇಶನ್ ದಿನ ಊರ ದೇವರಿಗೆ ಹರಕೆ ಹೇಳ್ಕಂಡೆ. ಬೋಟು ಹತ್ತು ತನಕ ಮೀನು, ಮಾಂಸ, ಮೊಟ್ಟೆ ಯಾವ್ದೂ ಮುಟ್ಟುದಿಲ್ಲ ಅಂತ."

"ಯಾರು ಮುಟ್ಟುದಿಲ್ಲ?"

"ನೀವು."

ಹರಕೆ ಅವಳದು, ನಾಲಿಗೆ ನನ್ನದು! ಇದು ಯಾವ ಊರ ನ್ಯಾಯ? ನಮ್ಮ ಊರಿನದೇ, ಮತ್ತೆ ಯಾವುದು. ನನ್ನ ಅವ್ವ ನನಗೆ ಜ್ವರ ಬಂದಾಗ ನನ್ನ ಕೂದಲಿನ ಮೇಲೆ ಹರಕೆ ಹೊತ್ತಿದ್ದಳು. ಐದನೇ ಇಯತ್ತೆಯ ತನಕ ಜಡೆ ಹಾಕಿಕೊಂಡು ಶಾಲೆಗೆ ಹೋದವ ನಾನು. ಈ ಹೆಂಗಸರು ಹರಕೆ ಹೊರುವಾಗ ಕೂದಲು, ನಾಲಿಗೆ ಎಲ್ಲ ಗಂಡಸರದ್ದೇ ಸಿಗುತ್ತದೆ.

ಪಾಪ, ಕನಿಕರಕ್ಕೆ ಅವಳು ಅಡುಗೆಮನೆ ಬಾಗಿಲು ಹಾಕಿಕೊಂಡು ಉಂಡಳು. ಆದರೆ ಸದ್ದಿಗೆ ಬಾಗಿಲೇ? ಹೀರಾ ಬಂಗಡೆಯ ತಲೆ ಚೀಪಿದರೆ ಬೆಕ್ಕಿಗೂ ನಾಚಿಕೆಯಾಗಬೇಕು. ಅರ್ಧ ಗಂಟೆ ಚೀಪಿದಳು. ಅರ್ಧ ಗಂಟೆ ನಾನು ಗೋಡೆ ನೋಡಿದೆ.

ಮೇ 19, ಸೋಮವಾರ

ನಾಗಶ್ರೀ ಟೇಪು ಹಿಡಿದು ಎರಡೂ ಮೀನಖಂಡ ಅಳೆದಳು. ಬಲಗಾಲು ಮೂವತ್ತಾರು ಸೆಂಟಿಮೀಟರು, ಎಡಗಾಲು ಮೂವತ್ತೊಂದು. ಮತ್ತೆ ಕುರ್ಚಿ ಪರೀಕ್ಷೆ. ಕೈ ಊರದೆ ಅರ್ಧ ನಿಮಿಷದಲ್ಲಿ ಎಷ್ಟು ಸಲ ಎದ್ದು ಕೂರುತ್ತೇನೆ ಎಂದು ನೋಡುವುದು. ಹನ್ನೆರಡು ಬೇಕಂತೆ. ನನ್ನದು ಸೊನ್ನೆ. ಏಳಲಿಕ್ಕೆ ಹೊರಟೆ, ಕುರ್ಚಿಯೂ ನನ್ನ ಜೊತೆಗೇ ಎದ್ದಿತು, ನಾನು ಮಾತ್ರ ಅದರಲ್ಲೇ ಉಳಿದೆ.

ಮುಂದಿನ ಪುಟ ಓದಿ, ಹರಕೆಯ ಕಥೆ ಕೇಳಿ ತಲೆ ಮೇಲೆ ಕೈ ಇಟ್ಟಳು. "ಗಂಜಿ, ಗಂಜಿ, ಗಂಜಿ. ಕಾಕಾ, ಮಲಗಿದಲ್ಲೇ ಮಾಂಸಖಂಡ ಕರಗ್ತದೆ, ಈ ವಯಸ್ಸಲ್ಲಿ ಇನ್ನೂ ಬೇಗ. ಅದನ್ನ ಮತ್ತೆ ಕಟ್ಟುಕೆ ಪ್ರೋಟೀನ್ ಬೇಕು. ನಿಮ್ಮ ಪ್ರೋಟೀನ್ ಇಷ್ಟು ವರ್ಷ ಮೀನಲ್ಲಿ ಬರ್ತಿತ್ತು. ಅದನ್ನ ನಿಮ್ಮ ದೇವರು ಬಂದ್ ಮಾಡಿದ್ರು."

"ದೇವರಲ್ಲ, ಹೀರಾ" ಎಂದೆ.

ಬೇಳೆ, ಹೆಸರುಕಾಳು, ಕಡಲೆ, ಶೇಂಗಾ ತಿನ್ನಬೇಕಂತೆ. ಅಷ್ಟು ಹೊಟ್ಟೆಗೆ ಹೋಗದಿದ್ದರೆ ಪ್ರೋಟೀನ್ ಪುಡಿ. ಮೂತ್ರಪಿಂಡ ಸರಿ ಇದೆಯೋ ನೋಡಲು ರಕ್ತ ತಪಾಸಣೆ ಮಾಡಿಸಿದಳು. ಸರಿ ಇದೆ. "ಪುಡಿ ಅಂದ್ರೆ ಔಷಧ ಅಲ್ಲ, ಊಟ. ಮಂತ್ರ ಅಂತೂ ಅಲ್ವೇ ಅಲ್ಲ. ವ್ಯಾಯಾಮ ಮಾಡದೆ ಬರೀ ಕುಡಿದ್ರೆ ಹೊಟ್ಟೆ ಬರ್ತದೆ, ಕಾಲು ಬರುದಿಲ್ಲ."

ಮೇ 24

ರೂಪೇಶ ಜಿಮ್ಮಿಗೆ ಹೋಗುವವರು ಕುಡಿಯುವ ಹಾಲಿನ ಪುಡಿ ತಂದುಕೊಟ್ಟ. ಎರಡು ಲೋಟ ಕುಡಿದೆ. ಹೆಚ್ಚು ಬರೆಯುವಷ್ಟು ಹೊತ್ತು ಪಾಯಖಾನೆಯ ಹೊರಗೆ ಕೂರಲಾಗುತ್ತಿಲ್ಲ.

ಮೇ 29

ಮಲ್ಲಾಪುರದಿಂದ ಮಗಳು ಪೂರ್ಣಿಮಾ ಬಂದಿದ್ದಳು. ಹಾಲು ನನಗೆ ಚಿಕ್ಕಂದಿನಿಂದ ಆಗಿ ಬರುವುದಿಲ್ಲ ಎನ್ನುವುದು ಅವಳಿಗೆ ನೆನಪಾಯಿತು, ನನಗೇ ಆಗಿರಲಿಲ್ಲ. ನಾಗಶ್ರೀಗೆ ಫೋನು ಮಾಡಿ ಕೇಳಿ ಬೇರೆ ಡಬ್ಬಿ ತಂದಿದ್ದಾಳೆ. ಬಟಾಣಿ ಮತ್ತು ಅಕ್ಕಿಯಿಂದ ತೆಗೆದದ್ದು. ಬಟಾಣಿಯಲ್ಲಿ ಕಮ್ಮಿ ಇದ್ದದ್ದು ಅಕ್ಕಿಯಲ್ಲಿದೆಯಂತೆ, ಅಕ್ಕಿಯಲ್ಲಿ ಕಮ್ಮಿ ಇದ್ದದ್ದು ಬಟಾಣಿಯಲ್ಲಿ. ಹಾಲಿಲ್ಲ, ಹೊಟ್ಟೆ ಕೆಡುವುದಿಲ್ಲ, ಹರಕೆಗೂ ಭಂಗವಿಲ್ಲ.

"ಪಪ್ಪಾ, ದಿನಕ್ಕೆ ಎರಡು ಸಲ. ಕುಡೀದೇ ಇದ್ರೆ ನಾ ಇಲ್ಲೇ ಬಂದು ಉಳಿತೆ."

ಕುಡಿದೆ. ಗೋಣಿಚೀಲವನ್ನು ನೀರಲ್ಲಿ ನೆನೆಹಾಕಿ, ಹಿಂಡಿ, ಮೇಲೆ ಐಸ್ಕ್ರೀಮಿನ ವಾಸನೆ ತೋರಿಸಿದರೆ ಹೇಗಿರುತ್ತದೋ ಹಾಗಿದೆ. ಲೋಟದ ತಳದಲ್ಲಿ ಒಂದು ಗಡ್ಡೆ ಉಳಿದಿತ್ತು. ಅದರಿಂದ ಬೋಟಿನ ಬಿರುಕು ಮುಚ್ಚಬಹುದು.

ಜೂನ್ 5

ಐದು ದಿನದಿಂದ ಪುಡಿಯ ಲೋಟವನ್ನು ಹಿತ್ತಲಿನ ದಾಸವಾಳದ ಬುಡಕ್ಕೆ ಹೊಯ್ಯುತ್ತಿದ್ದೇನೆ. ಮುಂದಿನ ಪುಟದಲ್ಲಿ "ಕುಡಿದೆ, ಕುಡಿದೆ" ಎಂದು ಬರೆದಿದೆ. ಇವತ್ತು ಹೀರಾ ಹಿತ್ತಲಿಗೆ ಹೋಗಿ ಬಂದು, "ಈ ದಾಸಾಳ ಎಂಥಕ್ಕೆ ಇಷ್ಟು ಹಿಗ್ಗಿ ಹೂ ಬಿಡ್ತಿತ್ತೋ" ಎಂದು ನನ್ನ ಮುಖ ನೋಡಿದಳು. ನಾನು ಮಳೆಯ ಪ್ರತಾಪ ಎಂದೆ.

ಜೂನ್ 9, ಸೋಮವಾರ

ನಾಗಶ್ರೀಯ ಟೇಪು: ಮೂವತ್ತೊಂದು. ಕುರ್ಚಿ: ಒಂದೂವರೆ. ಅರ್ಧ ಎಂದರೆ ಎದ್ದೆ, ಆದರೆ ಕೂತದ್ದು ನೆಲದ ಮೇಲೆ. "ಪುಡಿ ಯಾರು ಕುಡಿತಾ ಇದ್ದಾರೆ ಕಾಕಾ?" ಎಂದಳು. ಈ ಹುಡುಗಿಗೆ ಟೇಪೇ ಗೂಢಚಾರ.

ಬಸ್ಸಿನಿಂದ ಇಳಿಯುವಾಗ ರೂಪೇಶ ಕಂಡ. ನನ್ನ ಕೈ ಹಿಡಿದು ಇಳಿಸಿದ. "ಸಾವಕಾಶ ಮಾಮಾ" ಎಂದ. ಆ 'ಸಾವಕಾಶ' ನನ್ನ ಎದೆಗೆ ನೆಟ್ಟಿತು. ಇಪ್ಪತ್ತೆರಡು ವರ್ಷ ನಾನು ಅವರಿಗೆಲ್ಲ 'ಸಾವಕಾಶ' ಹೇಳಿದವ.

ನಾಳೆಯಿಂದ ದಾಸವಾಳಕ್ಕೆ ನೀರು ಮಾತ್ರ.

ಜೂನ್ 18

ಒಂದು ಸಂಗತಿ ಪತ್ತೆಯಾಯಿತು. ಪುಡಿಯನ್ನು ಕುದಿಯುವ ನೀರಿಗೆ ಹಾಕಿದರೆ ಗಂಟು, ತಣ್ಣೀರಿಗೆ ಹಾಕಿದರೆ ಗೋಣಿಚೀಲ. ಉಗುರುಬೆಚ್ಚಗಿನ ಗಂಜಿ ತಿಳಿಗೆ ಹಾಕಿ ಕಡೆಗೋಲಿನಲ್ಲಿ ಕಡೆದರೆ ಗೊತ್ತೇ ಆಗುವುದಿಲ್ಲ. ವಾಸನೆ ಇಲ್ಲದ ಡಬ್ಬಿಯೂ ಸಿಗುತ್ತದೆ ಎಂದು ಪೂರ್ಣಿಮಾ ಅದನ್ನೇ ಕಳಿಸಿದಳು. ಹೀರಾ ಮಾರ್ಕೆಟ್ಟಿಗೆ ಹೋದಾಗ ನಾನೇ ಒಲೆ ಹಚ್ಚಿದೆ. ಕಾಯಿ ರುಬ್ಬಿ, ಮುರುಗಲ ಹುಳಿ, ತಿರಫಳ, ಮೆಣಸು ಎಲ್ಲ ಹಾಕಿ ಮೀನಿಲ್ಲದ ಮೀನುಸಾರು ಮಾಡಿ, ಇಳಿಸಿ ಆರಿದ ಮೇಲೆ ಎರಡು ಚಮಚ ಪುಡಿ ಕಲಸಿದೆ. ಕಣ್ಣು ಮುಚ್ಚಿಕೊಂಡು ಉಂಡರೆ ಬಂಗಡೆ ಈಗಷ್ಟೇ ಆ ಪಾತ್ರೆಯಿಂದ ಎದ್ದು ಹೋದ ಹಾಗಿದೆ.

ಹೀರಾ ಬಂದು ರುಚಿ ನೋಡಿದಳು. "ಉಪ್ಪು ಕಮ್ಮಿ" ಎಂದಳು. ಮದುವೆಯಾಗಿ ಮೂವತ್ತಮೂರು ವರ್ಷಕ್ಕೆ ನಾನು ಮಾಡಿದ ಮೊದಲ ಸಾರು. ಎರಡು ಸಲ ಹಾಕಿಸಿಕೊಂಡಳು.

ಕುರ್ಚಿ: ಐದು.

ಜೂನ್ 30, ಸೋಮವಾರ

ಕುರ್ಚಿ: ಎಂಟು. ಟೇಪು: ಮೂವತ್ತಮೂರು. ಊರುಗೋಲಿಲ್ಲದೆ ಅಂಗಳ ದಾಟಿದೆ.

ಬೋಟುಗಳನ್ನು ದಡಕ್ಕೆ ಎಳೆದಲ್ಲಿ ಖಲಾಸಿಗಳು ಬಲೆ ಹೊಲಿಯುತ್ತಾ ಕೂತಿದ್ದರು. ನನ್ನ ಬಾಟಲಿ ನೋಡಿ ನಗೆಯೋ ನಗೆ. "ಬಟಾಣಿ ತಾಂಡೇಲರು ಬಂದ್ರು, ಜಾಗ ಬಿಡ್ರೋ!" ಎಂದ ಕಿಶನ. ನಾನು ಬಿಡಲಿಲ್ಲ. ಕೂತು ಹೇಳಿದೆ: ಮಾಂಸಖಂಡ ಅಂದರೇನು, ಅರವತ್ತರ ಹತ್ತಿರ ಅದು ಹೇಗೆ ಕರಗುತ್ತದೆ, ಕಾಳಿನಲ್ಲಿ ಎಷ್ಟು ಶಕ್ತಿ, ಹಾಲು ಆಗದವರಿಗೆ ಇದು ಹೇಗೆ ಆಗುತ್ತದೆ, ಮೂತ್ರಪಿಂಡದ ತಪಾಸಣೆ ಮೊದಲು ಯಾಕೆ. ಅರ್ಧ ಗಂಟೆ ಹೇಳಿದೆ. ಕಿಶನ ಹೊಲಿಯುತ್ತಿದ್ದ ಬಲೆಯನ್ನು ತನ್ನ ಲುಂಗಿಗೇ ಸೇರಿಸಿ ಹೊಲಿದುಬಿಟ್ಟಿದ್ದ.

ಜುಲೈ 10

ಹೀರಾಳಿಗೆ ಏನಾಗಿದೆ? ಮಳೆಗಾಲವೆಂದು ಸರಕಾರ ಬೋಟುಗಳಿಗೆ ಬಂದಿ ಹಾಕಿದೆ, ಮಾರ್ಕೆಟ್ಟಿನಲ್ಲಿ ಮೀನೇ ಕಡಿಮೆ, ಇದ್ದದ್ದಕ್ಕೆ ಬಂಗಾರದ ಬೆಲೆ. ಆದರೂ ಸೋಮವಾರ ಬಿಟ್ಟು ದಿನವೂ ತರುತ್ತಾಳೆ. ನಿನ್ನೆ ಶೆಟ್ಲಿ, ಇವತ್ತು ಹೊಳೆಯ ನೋಗಲಿ, ಅದಿಲ್ಲದ ದಿನ ಒಣ ಬಂಗಡೆ ಸುಟ್ಟುಕೊಂಡು. ನಾಳೆ ಸಮುದ್ರ ಬತ್ತಿಹೋಗುತ್ತದೆ ಎನ್ನುವ ಹಾಗೆ ತಿನ್ನುತ್ತಾಳೆ. ಗಂಡ ಬಟಾಣಿ ನುಂಗುತ್ತಾ ಕೂತಿರುವಾಗ ಹೀಗೆ ಚೀಪಬೇಕೇ? ಮನಸ್ಸಿಗೆ ಬೇಜಾರಾಯಿತು.

ನನ್ನ ಕುರ್ಚಿ ಹತ್ತಕ್ಕೆ ಏರಿದೆ ಎಂದಾಗ ಅವಳು ದೇವರ ಕಡೆ ತಿರುಗಿ ಕೈ ಮುಗಿದಳು. ಆಮೇಲೆ ಇನ್ನೂ ಒಂದು ನೋಗಲಿ ಹಾಕಿಕೊಂಡಳು.

ಜುಲೈ 15

ನನ್ನ ತಲೆಯಲ್ಲಿ ಒಂದು ಉಪಾಯವಿತ್ತು. ಬೆಳಚು ಮೀನೇ? ಅದಕ್ಕೆ ಕಣ್ಣಿಲ್ಲ, ಬಾಲವಿಲ್ಲ, ಈಜುವುದಿಲ್ಲ. ಮರಳಿನಲ್ಲಿ ಹೂತುಕೊಂಡಿರುವ ಚಿಪ್ಪು ಅದು, ಗೆಣಸಿನ ಹಾಗೆ. ಹರಕೆಯಲ್ಲಿ ಬೆಳಚಿನ ಹೆಸರಿರಲಿಕ್ಕಿಲ್ಲ. ನಮ್ಮಲ್ಲಿ ಹರಕೆಯನ್ನು ದೇವರ ಮುಂದೆ ಗಟ್ಟಿಯಾಗಿ ಒದರಿ ಹೇಳುವವನು ಪೂಜೆಯ ಗುನಗ. ಅವನಿಗೆ ಅಕ್ಷರಕ್ಷರ ನೆನಪಿರುತ್ತದೆ. ನಡೆದುಕೊಂಡೇ ಗುಡಿಗೆ ಹೋಗಿ ಕೇಳಿದೆ.

ಗುನಗ ಎಲೆ ಅಡಿಕೆ ಉಗಿದು ನನ್ನನ್ನೇ ನೋಡಿದ. "ನೀ ಹತ್ತು ಬೆಳಚಿಗೆ ಅಳ್ತಾ ಬಂದಿದ್ಯಲ್ಲ ಶಾಂತಾರಾಮ, ನಿನ್ನ ಹರಕೆ ಹುಣ್ಣಿಮೆಗೆ ಮುಗೀತದೆ. ಅವಳದು ಅವತ್ತು ಶುರು."

"ಅವಳದು ಎಂಥದು?"

"ನಿಂಗೆ ಹೇಳಲಿಲ್ವಾ? ಅವತ್ತು ಎರಡು ಹರಕೆ. ಗಂಡ ಬೋಟು ಹತ್ತು ತನಕ ಅಂವ ಮೀನು ಮುಟ್ಟುದಿಲ್ಲ. ಗಂಡ ತನ್ನ ಕಾಲಲ್ಲೇ ಬೋಟು ಹತ್ತಿದ್ರೆ, ಅವತ್ತಿಂದ ಜೀವ ಇರು ತನಕ ನಾ ಮೀನು ತಿನ್ನುದಿಲ್ಲ. ನಾನೇ ಒದರಿದ್ದು."

ಬೆಳಚಿನ ವಿಚಾರ ಮತ್ತೆ ಕೇಳಲಿಕ್ಕೆ ಮರೆತುಹೋಯಿತು.

ಜುಲೈ 16

ಏನೂ ಇಲ್ಲ. ಮಳೆ.

ಹೀರಾ ಒಣ ಬಂಗಡೆ ಸುಟ್ಟಳು. ಬಾಗಿಲು ಹಾಕಬೇಡ, ಸೆಖೆ ಎಂದೆ.

ಜುಲೈ 21, ಸೋಮವಾರ

ಕುರ್ಚಿ: ನಾಲ್ಕು. ನಾಲ್ಕಕ್ಕೇ ಉಸ್ಸಪ್ಪಾ ಎಂದು ಕೂತುಬಿಟ್ಟೆ. ಮುಖ ಹುಳಿ ಮಾಡಿ ಕಾಲು ಹಿಡಿದುಕೊಂಡೆ. ನಾಟಕದ ಕಂಪನಿಯವರು ನೋಡಿದ್ದರೆ ಕರೆದುಕೊಂಡು ಹೋಗುತ್ತಿದ್ದರು.

ನಾಗಶ್ರೀ ಟೇಪು ತೆಗೆದಳು. ಮೂವತ್ತೈದು. "ಮಾಂಸ ಬಂದಿದೆ, ಎಣಿಕೆ ಇಳಿದಿದೆ. ಕಾಕಾ, ನಿಮಗೆ ಸುಳ್ಳು ಹೇಳುಕೆ ಬರ್ತದೆ. ಕಾಲಿಗೆ ಬರುದಿಲ್ಲ."

"ಹತ್ತುದೇ ಬ್ಯಾಡ ಅನಿಸ್ತದೆ" ಎಂದೆ.

"ಎಂಥಕ್ಕೆ?"

ಎಂಥಕ್ಕೆ ಎಂದು ಹೇಳಲಿ! ಪುಡಿಯ ಡಬ್ಬಿ ಮುಗಿಯುತ್ತಾ ಬಂತು ಎಂದೆ. ಬಾಯಿಗೆ ಬಂದದ್ದು ಅದೇ.

ಜುಲೈ 23

ನಾಲ್ಕು ಎನ್ನುವುದನ್ನು ಕೇಳಿ ಹೀರಾ ಎರಡು ದಿನದಿಂದ ಸರಿಯಾಗಿ ಉಂಡಿಲ್ಲ. ಇವತ್ತು ಸಂಜೆ ನನ್ನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಎಣ್ಣೆ ತಿಕ್ಕಿದಳು. ಕೈ ತುಂಬಾ ಮೀನಿನ ವಾಸನೆ. "ಚುಕ್ಕಾಣಿ ಬಿಟ್ರೆ ನೀವು ಮನಿಸ್ಯಾಗಿ ಉಳಿಯುದಿಲ್ಲ, ನಂಗೊತ್ತು" ಎಂದು ಅತ್ತಳು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಎಣ್ಣೆ ಹೆಚ್ಚಾಯಿತು ಎಂದು ಗದರಿಸಿದೆ.

ಜುಲೈ 27, ರವಿವಾರ

ಅನಾಹುತ. ಹೀರಾಳ ಕನ್ನಡಕ ಸಿಕ್ಕಿತು. ಮೂರು ತಿಂಗಳಿಂದ ಅಕ್ಕಿ ಡಬ್ಬಿಯಲ್ಲಿತ್ತು. ಹದಿನೈದನೇ ತಾರೀಖಿನ ಪುಟವನ್ನೂ ಅದರ ಪಕ್ಕದ್ದನ್ನೂ ಅನ್ನದ ಅಗುಳು ಹಚ್ಚಿ ಅಂಟಿಸಿದ್ದೇನೆ. ಇನ್ನು ಮುಂದೆ ಜಾಗ್ರತೆಯಿಂದ ಬರೆಯಬೇಕು.

ಜುಲೈ 29

ಗುಡಿಗೆ ಹೋಗಿದ್ದೆ. ದೇವರಲ್ಲಿ ಒಂದು ಮಾತು ಕೇಳುವುದಿತ್ತು. ಏನು ಎಂದು ಬರೆಯುವುದಿಲ್ಲ, ಕನ್ನಡಕ ಮನೆಯಲ್ಲೇ ಇದೆ.

ನಮ್ಮ ದೇವರಲ್ಲಿ ಕೇಳುವುದು ಹೂವಿನಿಂದ. ಗುನಗ ಒದ್ದೆ ಎಸಳುಗಳನ್ನು ದೇವರ ಕಲ್ಲಿನ ಎಡಕ್ಕೂ ಬಲಕ್ಕೂ ಅಂಟಿಸಿ ಬೇಡಿಕೆ ಒದರುತ್ತಾನೆ. ಬಲದ್ದು ಬಿದ್ದರೆ ಒಪ್ಪಿಗೆ, ಎಡದ್ದು ಬಿದ್ದರೆ ಇಲ್ಲ. ನನ್ನ ಬೇಡಿಕೆ ಕೇಳಿ ಗುನಗ ಮೊದಲು ನಕ್ಕ, ಆಮೇಲೆ ನಗಲಿಲ್ಲ. "ಅವಳ್ನ ಕೇಳಿದ್ಯಾ?" ಎಂದ. "ಅವಳು ನನ್ನ ಕೇಳಿದ್ಲಾ?" ಎಂದೆ. "ಅದೂ ಹೌದು" ಎಂದ.

ಹೂ ಬೀಳಲೇ ಇಲ್ಲ. ದೇವರಿಗೂ ವಿಚಾರ ಮಾಡಲಿಕ್ಕೆ ಹೊತ್ತು ಬೇಕಾಯಿತೋ ಏನೋ. ಕೈ ಮುಗಿದು ನಿಂತೇ ಇದ್ದೆ. ಗುನಗ ಕೂತುಕೊಂಡ, ಎಲೆ ಹಾಕಿಕೊಂಡ, ನನಗೂ ಮಣೆ ತೋರಿಸಿದ. ಬೇಡ ಎಂದೆ. ಐವತ್ತು ನಿಮಿಷದ ಮೇಲೆ ಬಲದ ಎಸಳು ಬಿತ್ತು.

ಮನೆಗೆ ಬಂದು ಕುರ್ಚಿಯಲ್ಲಿ ಎದ್ದು ಕೂತು ನೋಡಿದೆ: ಹದಿಮೂರು. ಪೂರ್ಣಿಮಾಗೆ ಫೋನು ಮಾಡಿ ಡಬ್ಬಿ ಕಳಿಸು ಎಂದೆ. ಚಿಕ್ಕದಾ ದೊಡ್ಡದಾ ಎಂದಳು. ಇದ್ದದ್ದರಲ್ಲಿ ದೊಡ್ಡದು ಎಂದೆ.

ಆಗಸ್ಟ್ 9, ನಾರಳಿ ಹುಣ್ಣಿಮೆ

ಬೆಳಿಗ್ಗೆ ಬೈತಖೋಲ ಬಂದರದಲ್ಲಿ ಜನವೋ ಜನ. ಒಂದನೇ ತಾರೀಖಿಗೇ ಬಂದಿ ಮುಗಿದು ಕೆಲವು ಬೋಟುಗಳು ಹೋಗಿ ಬಂದಾಗಿತ್ತು. ಕೇಶವ ಮಾತ್ರ ಕಾಯಿ ಕೊಡದೆ ಹಗ್ಗ ಬಿಚ್ಚುವವನಲ್ಲ. ಹೀರಾ ಹಸಿರು ಸೀರೆ ಉಟ್ಟು, ಅಬ್ಬಲಿಗೆ ಮುಡಿದು ಬಂದಿದ್ದಳು. ಸಮುದ್ರಕ್ಕೆ ಕಾಯಿ ಬಿಟ್ಟೆವು.

ಬೋಟಿನ ಅಂಚು ನನ್ನ ಸೊಂಟದ ಎತ್ತರಕ್ಕೆ ಏರುತ್ತಿತ್ತು, ಇಳಿಯುತ್ತಿತ್ತು. ರೂಪೇಶ ಮೇಲಿನಿಂದ ಕೈ ಚಾಚಿದ. "ಕೈ ತೆಗಿ" ಎಂದೆ. ತೆಗೆದ. ಎಡಗಾಲು ಮೊದಲು ಇಟ್ಟೆ, ಬೇಕೆಂದೇ. ಭಾರ ಪೂರಾ ಅದರ ಮೇಲೆ ಹಾಕಿ ಎದ್ದೆ. ನಡುಗಲಿಲ್ಲ. ಕುರ್ಚಿಯಿಂದ ಎದ್ದ ಹಾಗೆಯೇ ಎದ್ದೆ, ಅಷ್ಟೇ. ಖಲಾಸಿಗಳು "ಬಟಾಣಿ ತಾಂಡೇಲ್ಕೀ" ಎಂದು ಕೂಗಿದರು, ದಡದವರೆಲ್ಲ "ಜೈ" ಎಂದರು. ಮರ್ಯಾದೆ ಹೋದದ್ದೋ ಬಂದದ್ದೋ ತಿಳಿಯಲಿಲ್ಲ.

ತಿರುಗಿ ನೋಡಿದೆ. ಹೀರಾ ನಗುತ್ತಾ ಇದ್ದಳು, ಕಣ್ಣೊರೆಸಿಕೊಳ್ಳುತ್ತಲೂ ಇದ್ದಳು. ಜನ ಅದನ್ನು ಸಂತೋಷದ ಅಳು ಎಂದುಕೊಂಡರು. ಸಂತೋಷವೂ ಹೌದು. ಪಕ್ಕದಲ್ಲಿ ಬೇರೆ ಬೋಟಿನವರು ಹೊಳೆಯುವ ಬಂಗಡೆಯ ಬುಟ್ಟಿ ಇಳಿಸುತ್ತಿದ್ದರು. ಅವಳು ಆ ಕಡೆ ನೋಡಲೇ ಇಲ್ಲ.

ಆಗಸ್ಟ್ 10, ರವಿವಾರ

ಮಧ್ಯಾಹ್ನ ಬಂದೆವು. ಬಂಗಡೆ ಚೆನ್ನಾಗಿ ಬಿದ್ದಿತ್ತು. ಮೊದಲ ಪಾಲಿನ ಆರು ಬಂಗಡೆಯನ್ನು ಹೀರಾಳ ಕೈಗೆ ಕೊಟ್ಟೆ. ಅವಳು ಮಸಾಲೆ ಹಚ್ಚಿ ಕರಿದು ನನ್ನ ತಾಟಿಗೆ ನಾಲ್ಕು ಹಾಕಿದಳು. ತನ್ನ ತಾಟಿಗೆ ಅನ್ನ, ಬೇಳೆ ಸಾರು. "ನಂಗೆ ಬ್ಯಾಡ, ಪಿತ್ತ ಆಗಿತ್ತು" ಎಂದಳು. ಮೂವತ್ತಮೂರು ವರ್ಷದಲ್ಲಿ ಅವಳಿಗೆ ಪಿತ್ತ ಆದದ್ದನ್ನು ನಾನು ಕಂಡಿಲ್ಲ.

ನನ್ನ ತಾಟನ್ನು ಅವಳ ಮುಂದೆ ದೂಡಿದೆ. "ತಿನ್ನು."

"ಬ್ಯಾಡ ಅಂದ್ನಲ್ಲ."

"ನಿನ್ನ ಹರಕೆ ಈಗ ನಿನ್ನ ಹತ್ರ ಇಲ್ಲ. ನಾ ತಕಂಡಿದ್ದೆ. ದೇವರು ಬಲದ ಹೂ ಕೊಟ್ರು. ಗುನಗನ್ನ ಕೇಳು."

ಅರ್ಥವಾದ ಮೇಲೆ ಎದ್ದು ನಿಂತಳು. ಸೌಟು ಕೈಯಲ್ಲೇ ಇತ್ತು. "ನನ್ನ ಹರಕೆ ಮುಟ್ಟುಕೆ ನೀವ್ಯಾರು?"

"ನನ್ನ ನಾಲಿಗೆ ಮುಟ್ಟುಕೆ ನೀ ಯಾರಾಗಿದ್ಯೋ, ನಾನೂ ಅದೇ."

"ಹುಟ್ಟಿದಾರಭ್ಯ ಮೀನು ತಿಂದವ್ರು! ಜೀವ ಇರು ತನಕ ಬಿಡ್ತ್ರಾ? ತಲೆ ಸಮ ಇತ್ತಾ ನಿಮ್ದು?"

ಬೈದಳು. ನನ್ನನ್ನು, ಗುನಗನನ್ನು, ನನ್ನ ಸತ್ತ ಅವ್ವನನ್ನು, ಬಟಾಣಿಯನ್ನು ಸಹ. ನಾನು ಸಮಾಧಾನದಿಂದ ಹೇಳಿದೆ: ದೊಡ್ಡ ಡಬ್ಬಿ ತರಿಸಿ ಆಗಿದೆ, ಮಗಳು ತಂದದ್ದು ಹಾಳಾಗಬಾರದು, ನನಗಂತೂ ಅದೇ ರೂಢಿಯಾಗಿದೆ, ಹೊಟ್ಟೆಗೂ ಹಗುರ. ಇದರಲ್ಲಿ ದೊಡ್ಡ ಸಂಗತಿ ಏನೂ ಇಲ್ಲ. ಅವಳು ಸುಮ್ಮನೆ ರಂಪ ಮಾಡುತ್ತಾಳೆ.

ಬೈದು ಬೈದು ಸುಸ್ತಾಗಿ ಕೂತಳು. ಬಂಗಡೆಯ ತಲೆ ಮುರಿದಳು. ಅಳುತ್ತಲೇ ಚೀಪಿದಳು. ಬಾಗಿಲು ಪೂರಾ ತೆರೆದಿತ್ತು.

ಪಟ್ಟಿಯಲ್ಲಿ ಹಿಂದಿನಿಂದ ಬರೆಯುತ್ತಾ ಬಂದವನು ಮುಂದಿನ ಬರಹಕ್ಕೆ ಬಂದು ಮುಟ್ಟಿದ್ದೇನೆ. ಒಂದೇ ಪುಟ ಉಳಿದಿದೆ. ನಾಗಶ್ರೀಗೂ ನನಗೂ ಇದೇ ಸಾಕು.

ಬೆಳಿಗ್ಗೆ: ಗಂಜಿ, ಪುಡಿ ಎರಡು ಚಮಚ.
ಮಧ್ಯಾಹ್ನ: ಅನ್ನ, ಬೇಳೆ ಸಾರು, ಹೆಸರುಕಾಳು.
ಸಂಜೆ: ಶೇಂಗಾ, ಪುಡಿ ಎರಡು ಚಮಚ.
ಕುರ್ಚಿ: ಹದಿನಾಲ್ಕು.
ಹೀರಾ: ಬಂಗಡೆ, ಆರು.